ಫ್ರೆಂಚ್ ಗಡಿಯಾರದೊಳಗಿನ ಕನ್ನಡ

ಜೂನ್ 1, ಶನಿವಾರ. ಗಿರಾವೀನ್

ಬೆಳಿಗ್ಗೆ ಲ್ಯಾಬ್ ಡ್ಯೂಟಿ. ಇಪ್ಪತ್ತೆರಡು ಜನರ ರಕ್ತ ತೆಗೆದೆ. ಮಧ್ಯಾಹ್ನ ಸ್ಕೋಫೀಲ್ಡ್ಸ್‌ನಲ್ಲಿ ಒಂದು ಗರಾಜ್ ಸೇಲ್. ಮಾರುತ್ತಿದ್ದ ಹುಡುಗ ಲಿಯಾಮ್, ಮನೆ ಖಾಲಿ ಮಾಡುತ್ತಿದ್ದಾನೆ. ಟೋಸ್ಟರ್, ಸರ್ಫ್‌ಬೋರ್ಡ್‌ಗಳ ನಡುವೆ — ಇದು! ಫೈರ್‌ಪ್ಲೇಸ್ ಮೇಲಿಡುವ ಫ್ರೆಂಚ್ ಗಡಿಯಾರ. ಮೈಯೆಲ್ಲ ಚಿನ್ನದ ಲೇಪ. ಮೇಲೆ ಪುಸ್ತಕ ಹಿಡಿದು ಕೂತ ಹೆಂಗಸು. ನೂರೈವತ್ತು ವರ್ಷವಾದರೂ ಆಗಿರಬೇಕು. ನಡೆಯುತ್ತಿಲ್ಲ. ಲೋಲಕ ಬೇರೆಯಾಗಿ ನ್ಯೂಸ್‌ಪೇಪರಿನಲ್ಲಿ ಸುತ್ತಿಟ್ಟಿತ್ತು. ಕೊಂಡುತಂದೆ.

“ಇದು ಎಷ್ಟನೇ ಗಡಿಯಾರ, ಅರುಂಧತಿ?” ಎಂದು ಇಂದ್ರೇಶ್ ಕೇಳಿದ. ಏಳನೆಯದು. ಹೇಳಲಿಲ್ಲ. ಗಂಡನಿಗೆ ಎಲ್ಲ ಲೆಕ್ಕ ಯಾಕೆ...

ಜೂನ್ 2, ಭಾನುವಾರ. ಮಧ್ಯಾಹ್ನ 3

ಹಿಂದಿನ ಮುಚ್ಚಳ ಬಿಚ್ಚಿದೆ. ಲೋಲಕ ತೂಗುಹಾಕುವ ರೇಷ್ಮೆ ದಾರ ಕಡಿದಿದೆ. ಅಷ್ಟೇ ರೋಗ.

ಹಿತ್ತಾಳೆಯ ತಗಡಿನ ಮೇಲೆ ಗೀರುಗಳು. ರಿಪೇರಿ ಮಾಡಿದವರು ಹೆಸರು, ತಾರೀಖು ಗೀಚಿಡುವುದು ಹಳೆಯ ರೂಢಿ. ಎರಡು ಇಂಗ್ಲಿಷ್ ಹೆಸರು. ಅದರ ಕೆಳಗೆ ಮೂರನೆಯದು, ಸಾಲು ಪೂರ್ತಿ ಡೊಂಕು. ಭೂತಗನ್ನಡಿ ಹಿಡಿದೆ.

ಕನ್ನಡ!

“ಶ್ರೀಕಂಠಯ್ಯ, ಅರಸೀಕೆರೆ. 3-11-58. ನನ್ನ ಕೊನೆಯ ಗಡಿಯಾರ. ದಾರ ಕಟ್ಟಿದ್ದು ಡಾಟಿ.”

ಇಂದ್ರೇಶ್‌ನನ್ನು ಕೂಗಿದೆ. “ದಾಟಿ ಇರ್ಬೇಕು ಕಣೆ. ಸ್ಪೆಲ್ಲಿಂಗ್ ಮಿಸ್ಟೇಕ್” ಎಂದ. ದಾರ ಕಟ್ಟಿದ್ದು ದಾಟಿ? ಅರ್ಥವೇ ಇಲ್ಲ. ಅರಸೀಕೆರೆಯಿಂದ ಈ ಪರದೇಶಕ್ಕೆ ಹೇಗೆ ಬಂತು? ಕೊನೆಯದು ಏಕೆ?

ಜೂನ್ 5, ಬುಧವಾರ

ಲಿಯಾಮ್‌ಗೆ ಫೋನ್ ಮಾಡಿದೆ. ಗಡಿಯಾರ ಅವನ ಅಜ್ಜಿಯದು. ಆಂಗ್ಲೋ-ಇಂಡಿಯನ್, ರೈಲ್ವೆ ಗಾರ್ಡ್ ಮಗಳು. ಹುಟ್ಟಿ ಬೆಳೆದದ್ದು ಇಂಡಿಯಾದಲ್ಲಿ, ಈಗ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಹೆಸರು ಡೊರೊತಿ. ಎಲ್ಲರೂ ಕರೆಯುವುದು ಡಾಟಿ!

ಫೋನ್ ಹಿಡಿದೇ ಹೋಗಿ ಆ ಸಾಲನ್ನು ಇನ್ನೊಮ್ಮೆ ಓದಿದೆ.

ಅಜ್ಜಿಯ ನಂಬರ್ ಕೇಳಿದೆ. ಅವನ ದನಿ ಇಳಿಯಿತು. ಜೋಪಾನವಾಗಿಡು ಎಂದು ಅಜ್ಜಿ ಕೊಟ್ಟದ್ದಂತೆ. ಮಾರಿದ್ದು ಅವರಿಗೆ ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ ಎಂದ. ನಂಬರ್ ಕೊಡಲಿಲ್ಲ.

ಜೂನ್ 8, ಶನಿವಾರ

ಹೊಸ ದಾರ ಹಾಕಿದೆ. ನಡೆಯುತ್ತಿದೆ! ನಾಲ್ಕು ಗಂಟೆಗೆ ಒಂಬತ್ತು ಬಾರಿಸಿತು. ಅದನ್ನು ಆಮೇಲೆ ಸರಿ ಮಾಡಬೇಕು. ಕಡಿದ ದಾರ ಎಸೆಯಲು ಮನಸ್ಸಾಗಲಿಲ್ಲ. ಖಾಲಿ ಬ್ಲಡ್ ಟ್ಯೂಬಿನಲ್ಲಿ ಹಾಕಿಟ್ಟೆ.

ಮೆಲ್ಬರ್ನಿನ ಗೆಳತಿಯರಿಗೆ ಹೇಳಿದರೆ ಡಾಟಿಯನ್ನು ಒಂದೇ ದಿನದಲ್ಲಿ ಹುಡುಕಿಕೊಡುತ್ತಾರೆ. ಆದರೆ ಹುಡುಗನ ಗತಿ? ಇನ್ನೊಂದು ಮಾತು — ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ — ಹೇಳಿದರೆ ಗಡಿಯಾರ ವಾಪಸ್ ಕೊಡಬೇಕಾಗುತ್ತದೆ.

ಜೂನ್ 23, ಭಾನುವಾರ

ತಡೆಯಲಾಗಲಿಲ್ಲ. ಆ ಸಾಲುಗಳ ಫೋಟೋ, ಇಂಗ್ಲಿಷ್ ಅರ್ಥ, ಎರಡನ್ನೂ ಲಿಯಾಮ್‌ಗೆ ಕಳಿಸಿದೆ. ‘ನಾನು ಹೇಳುವುದಿಲ್ಲ. ಆದರೆ ಇದರಲ್ಲಿ ನಿನ್ನ ಅಜ್ಜಿಯ ಹೆಸರಿದೆ’ ಎಂದು ಬರೆದೆ. ಓದಿದ್ದಾನೆ.

ಜೂನ್ 27, ಗುರುವಾರ

ಲಿಯಾಮ್ ಫೋನ್. ಮಾರಿದ್ದನ್ನು ಅಜ್ಜಿಗೆ ತಾನೇ ಹೇಳಿದನಂತೆ. ಅಜ್ಜಿ ಒಂದು ದಿನ ಮಾತು ಬಿಟ್ಟರಂತೆ. ಆಮೇಲೆ, ಅದನ್ನು ಓದಿದವಳನ್ನು ಕಳಿಸು ಎಂದರಂತೆ.

ಜುಲೈ 6, ಶನಿವಾರ. ಕ್ಲೇಟನ್, ಸಂಜೆ

ಒಂಬತ್ತು ಗಂಟೆ ಡ್ರೈವ್. ಗಡಿಯಾರಕ್ಕೆ ಹಿಂದಿನ ಸೀಟಿನಲ್ಲಿ ಬೆಲ್ಟ್.

ಚಿಕ್ಕ ರೂಮು. ಎಂಬತ್ತೈದರ ಡಾಟಿ ಆಂಟಿ, ತುಟಿಗೆ ಲಿಪ್‌ಸ್ಟಿಕ್. ನೋಡಿದ್ದೇ, “ಬಾಮ್ಮ, ಊಟ ಆಯ್ತಾ?” ನಾನು ಇಂಗ್ಲಿಷಿನಲ್ಲಿ ತಯಾರಿಸಿಕೊಂಡು ಹೋಗಿದ್ದದ್ದೆಲ್ಲ ಮರೆತೇಹೋಯಿತು.

“ಆ ಅಯ್ನೋರ್ಗೆ ಕಣ್ಣೇ ಕಾಣ್ತಿರ್ಲಿಲ್ಲ” ಎಂದರು. “ಯಾರ್ಗೂ ಹೇಳಿರ್ಲಿಲ್ಲ. ಸ್ಟೇಷನ್ ಗಡಿಯಾರದ್ ಕೆಲ್ಸಾನೂ ಅವರ್ದೇ. ಗೊತ್ತಾದ್ರೆ ಹೋಗ್ತಿತ್ತು. ನಮ್ಮನೇಗ್ ಬಂದು ರಿಪೇರಿ ಮಾಡೋವಾಗ ನಾನ್ ಕಂಡ್ಹಿಡ್ದೆ. ಮೂರ್ ದಿನ ಪಕ್ಕದಲ್ ಕೂತು, ದಾರ ನಾನೇ ಕಟ್ದೆ. ಡ್ಯಾಡಿಗೂ ಹೇಳ್ಲಿಲ್ಲ.”

“ಆಮೇಲೆ?”

“ಕೊನೇಲಿ ಏನೋ ಗೀಚಿದ್ರು. ಏನು ಅಂತ ಕೇಳ್ದೆ. ನಕ್ಕರು. ನಂಗೆ ಕನ್ನಡ ಮಾತಾಡೋಕ್ ಬರ್ತಿತ್ತು, ಓದೋಕ್ ಬರ್ತಿರ್ಲಿಲ್ಲ. ಲಿಯಾಮ್ ಇಂಗ್ಲಿಷಲ್ ಹೇಳ್ದ. ನೀನು ಅವರ್ ಬರ್ದಂಗೇ ಓದು.”

ಓದಿದೆ.

“ನಾನ್ ಅರವತ್ತಾರು ವರ್ಷ ಗುಟ್ಟು ಕಾಪಾಡ್ದೆ ನೋಡು. ಅವರು ಅವತ್ತೇ ಬರ್ದಿಟ್ಟಿದಾರೆ!” ಎಂದು ಜೋರಾಗಿ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಗಡಿಯಾರ ಮುಂದಿಟ್ಟು, ಇದು ನಿಮ್ಮದು ಎಂದೆ. ಅವರು ಅದರ ಬೆನ್ನು ಸವರಿದರು.

“ಇಲ್ಲಿ ಬೇಡ. ಇದು ಬಡಿದ್ರೆ ಪಕ್ಕದ ರೂಮ್ನವಳು ಕಂಪ್ಲೇಂಟ್ ಮಾಡ್ತಾಳೆ. ನೀನೇ ಇಟ್ಕೊ.”

“ಲಿಯಾಮ್ ಮೇಲೆ ಕೋಪ ಇದ್ಯಾ, ಆಂಟಿ?”

“ಇದೆ. ಕ್ರಿಸ್‌ಮಸ್‌ವರ್ಗೂ ಇರತ್ತೆ.” ಗಡಿಯಾರದ ಕಡೆ ಬೆರಳು ತೋರಿಸಿ, “ನನ್ ಹೆಸ್ರು ಹೆಂಗ್ ಬರ್ದಿದಾರೋ ಹಂಗೇ ಬರಿಯೋದು ಹೇಳ್ಕೊಡ್ತೀಯಾ?”

ಜುಲೈ 14, ಭಾನುವಾರ. ಗಿರಾವೀನ್, ಬೆಳಿಗ್ಗೆ 10

ವಿಡಿಯೋ ಕಾಲ್‌ನಲ್ಲಿ ಮೊದಲ ಪಾಠ. ಆಂಟಿ ‘ಡ’ ಬರೆಯುತ್ತಿದ್ದಾರೆ, ನಾನು ಈ ಡೈರಿ. ಕೈ ನಡುಗುತ್ತದೆ, ಆದರೆ ಬಿಡುವವರಲ್ಲ. ಈಗೊಂದು ಪ್ರಶ್ನೆ. ‘ಡ’ಗೆ ತಲೆಕಟ್ಟು ಇದೆಯಲ್ಲ, ‘ಡಾ’ ಆದಾಗ ಅದು ಎಲ್ಲಿಗೆ ಹೋಗುತ್ತೆ ಎಂದು ಕೇಳುತ್ತಿದ್ದಾರೆ. ಇಷ್ಟು ವರ್ಷ ಬರೆದಿದ್ದೇನೆ, ಒಮ್ಮೆಯೂ ಯೋಚಿಸಿರಲಿಲ್ಲ. ನಿಜ, ಎಲ್ಲಿಗೆ—