ಬೊಮ್ಮು ದಿನಾ ಬಂದು ಕೇಳುತ್ತಾನೆ

ಹಾರವಾಡ, ಅಂಕೋಲಾ ತಾಲೂಕು
ಬುಧವಾರ, 12 ನವೆಂಬರ್ 2025

ಪ್ರೀತಿಯ ಗುರುವಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯೋ ಮಗಾ? ಎದೆಗೆ ಕಾರಿನ ಬೆಲ್ಟು ಒತ್ತಿದ ಜಾಗದಲ್ಲಿ ಉಸಿರೆಳೆದರೆ ನೋಯುತ್ತದೆ ಎಂದಿದ್ದೆಯಲ್ಲ, ಅದು ಕಡಿಮೆಯಾಯಿತೇ? ನಿನ್ನ ದೇವಿದಾಸ ಮಾಮ ಹೋದ ಭಾನುವಾರ ಬಂದಾಗ “ಆರಾಮ ಇದ್ದಾನೆ, ಚಿಂತೆ ಮಾಡ್ಬೇಡ ಅಕ್ಕಾ” ಎಂದ. ಅವನ ಮಾತನ್ನು ನಾನು ಪೂರ್ತಿ ನಂಬುವವಳಲ್ಲ. ಹಿಂದೆ ತನ್ನ ಕಾಲು ಮುರಿದುಕೊಂಡಾಗಲೂ ಸ್ವಲ್ಪ ಉಳುಕಿದೆ ಅಷ್ಟೇ ಎಂದು ಫೋನ್ ಮಾಡಿದ್ದ ಪುಣ್ಯಾತ್ಮ ಅವನು. ಗೋವೆಯ ಕಾಣಕೋಣದ ಆ ಒಂದು ಕೋಣೆಯಲ್ಲಿ ನೀವಿಬ್ಬರೂ ಏನು ಬೇಯಿಸಿಕೊಂಡು ತಿನ್ನುತ್ತೀರೋ ದೇವರೇ ಬಲ್ಲ. ಅವನು ಸಾರಿಗೆ ಉಪ್ಪು ಹಾಕುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಆದ್ದರಿಂದ ಉಪ್ಪಿನ ಡಬ್ಬಿ ನಿನ್ನ ಕೈಯಲ್ಲೇ ಇರಲಿ. ಈ ಚೀಲದಲ್ಲಿ ಕುಚಲಕ್ಕಿಯ ಜೊತೆ ಸ್ವಲ್ಪ ಒಣ ಸೀಗಡಿ ಇಟ್ಟಿದ್ದೇನೆ. ನಿನ್ನ ಎರಡು ಬನಿಯನ್ನೂ ಇವೆ. ಅವತ್ತು ಗಡಿಬಿಡಿಯಲ್ಲಿ ಚೀಲ ತುಂಬಿಸುವಾಗ ಬರೀ ಅಂಗಿಗಳನ್ನೇ ತುಂಬಿಸಿಬಿಟ್ಟಿದ್ದೆ.

ಫೋನಿರುವ ಕಾಲದಲ್ಲಿ ಇವಳು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನಿನ್ನ ಫೋನಿನ ಸಿಮ್ಮು ನಿನ್ನ ಅಪ್ಪನ ಅಂಗಿ ಕಿಸೆಯಲ್ಲಿದೆ, ಮಾಮನ ಫೋನಿಗೆ ಮಾಡಬಾರದು ಎಂದು ಅವರ ಕಟ್ಟಪ್ಪಣೆ. ಮಾಡಿದರೂ ನಾನು ಅಳುತ್ತೇನೆ, ನೀನು ಸುಮ್ಮನಾಗುತ್ತೀಯ, ಹೇಳಬೇಕಾದದ್ದು ಬಾಯಿಯಲ್ಲೇ ಉಳಿಯುತ್ತದೆ. ಅಂಗನವಾಡಿಯಲ್ಲಿ ಇಷ್ಟು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಮಗನಿಗೊಂದು ಕಾಗದ ಬರೆಯಲಾರೆನೇ? ಇಲ್ಲಿಯ ಗದ್ದೆ ಕೊಯ್ಲು ಮುಗಿಯಿತು. ನಿನ್ನ ತಂಗಿ ಪ್ರೇಕ್ಷಾ ಕಾಲೇಜಿಗೆ ಈಗ ಬಸ್ಸಿನಲ್ಲೇ ಹೋಗಿ ಬರುತ್ತಾಳೆ, ಮನೆಗೆ ಬಂದರೆ ಅಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡಿ ಒಳಗೆ ಹೋಗಿಬಿಡುತ್ತಾಳೆ. ಇದೆಲ್ಲ ಬರೆಯುತ್ತ ನಾನು ಒಂದು ಮಾತನ್ನು ಮುಂದೆ ಮುಂದೆ ತಳ್ಳುತ್ತಿದ್ದೇನೆ. ಇನ್ನು ತಳ್ಳಿದರೆ ಹಾಳೆ ತೀರುತ್ತದೆ. ಗುರು, ನಾಗಿ ಉಳಿಯಲಿಲ್ಲ. ನೀನು ಹೋದ ಮಾರನೆಯ ದಿನ ಬೆಳಿಗ್ಗೆಯೇ ಕಾರವಾರದ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ನಿನಗೆ ಹೇಳಕೂಡದು ಎಂದು ಅಪ್ಪ ಮಾಮನಿಂದ ಆಣೆ ಹಾಕಿಸಿಕೊಂಡಿದ್ದರು. ನೀನು “ನಾಗಿ ಹೇಗಿದ್ದಾಳೆ” ಎಂದು ಕೇಳಿದಾಗಲೆಲ್ಲ ಅವನು “ಸುಧಾರಿಸ್ತಾ ಅದೆ” ಎಂದು ಹೇಳಿದ್ದು ಸುಳ್ಳು. ಅದನ್ನು ಹೇಳಿಸಿದವರು ನಾವು.

ಕೂತು ಅಳು. ಅತ್ತು ಮುಗಿದ ಮೇಲೆ ಮುಂದಿನದು ಓದು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಅವಳಿಗೂ ನಮಗೂ ಏನು ಸಂಬಂಧ ಎಂದು ಪೊಲೀಸ್ ಸ್ಟೇಷನ್ನಿನಲ್ಲಿ ಅಪ್ಪನನ್ನು ಕೇಳಿದರಂತೆ. ಏನೆಂದು ಹೇಳುವುದು? ಅವಳು ಕಾರವಾರದ ಮಾರ್ಕೆಟ್ಟಿಗೆ ಸೊಪ್ಪು ಹೊರುವವಳು, ನಮ್ಮ ಅಂಗಳ ಹಾದೇ ಹೋಗುವವಳು, ಒಂದು ಕಟ್ಟು ಹರಿವೆ ಜಗಲಿಯ ಮೇಲೆ ಇಟ್ಟು ನೀರು ಕುಡಿದು ಮುಂದೆ ನಡೆಯುವವಳು. ನೀನು ಕಾರು ಹಿಡಿದು, ಫೋನಿನ ಆ್ಯಪಿನಲ್ಲಿ ಸೀಟು ಕೇಳಿದವರನ್ನು ಅಂಕೋಲೆಯಿಂದ ಕಾರವಾರಕ್ಕೆ ಬಿಡುವ ಕೆಲಸ ಶುರು ಮಾಡಿದ ಮೇಲೆ ಸಂಜೆ ಖಾಲಿ ಬುಟ್ಟಿಯೊಂದಿಗೆ ನಿನ್ನ ಕಾರಿನಲ್ಲೇ ವಾಪಸು ಬರುತ್ತಿದ್ದಳು. ಬೆಲ್ಟು ಹಾಕಿಕೊಳ್ಳಲು ಅವಳಿಗೆ ಬರುತ್ತಿರಲಿಲ್ಲ. “ನಿಮ್ಮ ಮಗ ನಂಗೆ ಕರೂನ ಕಟ್ದಂಗೆ ಕಟ್ತಾನ್ರಾ ಅಮ್ಮಾ” ಎಂದು ನನ್ನೆದುರು ಬಿದ್ದು ಬಿದ್ದು ನಕ್ಕಿದ್ದಳು. ಅವಳು ಆ್ಯಪಿನ ಪ್ಯಾಸೆಂಜರ್ ಅಲ್ಲ, ಅವಳ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಉಳಿದವರನ್ನು ಕಾರವಾರದಲ್ಲಿ ಇಳಿಸಿ, ಆ್ಯಪ್ ಬಂದ್ ಮಾಡಿ, ಊರ ಹೆಂಗಸನ್ನು ಕೂರಿಸಿಕೊಂಡು ಬರುತ್ತಿದ್ದೆ. ಅದಕ್ಕೇ, ಕಾರು ಓಡಿಸಿದ್ದು ತಾನು ಎಂಬ ಅಪ್ಪನ ಸುಳ್ಳು ಅಷ್ಟು ಸಲೀಸಾಗಿ ನಡೆಯಿತು.

ನೀನು ಹೇಳಿದಷ್ಟು ನನಗೆ ಗೊತ್ತು. ಮುಸ್ಸಂಜೆ, ಹೆದ್ದಾರಿಯಲ್ಲಿ ದನ ಮಲಗಿತ್ತು, ತಪ್ಪಿಸಲು ಹೋಗಿ ಕಾರು ನಡುಗಟ್ಟೆಗೆ ಬಡಿದು ಮಗುಚಿತು. ಅದು ತಪ್ಪೇ ಅಲ್ಲ ಎಂದು ನಾನು ಹೇಳುವುದಿಲ್ಲ, ನೀನು ಯಾವಾಗಲೂ ಸ್ವಲ್ಪ ಜೋರೇ. ಆದರೆ ಅದು ಯಾರ ಕೈಯಲ್ಲೂ ಆಗಬಹುದಾದದ್ದು. ಅದರ ನಂತರ ಆದದ್ದು ಮಾತ್ರ ನಮ್ಮ ಮನೆಯವರೇ ಮಾಡಿದ್ದು. ನೀನು ಆಂಬುಲೆನ್ಸಿಗೆ ಮಾಡಬೇಕಿದ್ದ ಫೋನು ಅಪ್ಪನಿಗೆ ಮಾಡಿದೆ. ಅಪ್ಪ ಸ್ಕೂಟರ್ ಹತ್ತಿ ಬಂದು ಮೊದಲು ನಿನ್ನನ್ನು ನೋಡಿದರು, ಆಮೇಲೆ ನಾಗಿಯನ್ನು. “ನೀ ಮನೆಗೆ ಹೋಗು, ಮುಂದಿಂದು ನಾ ನೋಡ್ಕತ್ತೆ” ಎಂದರು. ನೀನು ಆ ಸ್ಕೂಟರಿನಲ್ಲೇ ಮನೆಗೆ ಬಂದೆ, ನಾನು ಚೀಲ ತುಂಬಿಸಿದೆ. ನೀನು ಕಣ್ಣಿಗೆ ಮರೆಯಾದ ಮೇಲೆಯೇ ಅವರು ನೂರೆಂಟಕ್ಕೆ ಫೋನ್ ಮಾಡಿದ್ದಂತೆ. ಆ ತಡದಿಂದ ನಾಗಿಯ ಜೀವಕ್ಕೆ ಏನಾಯಿತು, ಏನಾಗಲಿಲ್ಲ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

ನಿನ್ನ ಅಪ್ಪನ ಮೇಲೆ ಸಿಟ್ಟು ಮಾಡಬೇಡ, ಆ ಕೆಲಸ ನಾನು ಸಾಕಷ್ಟು ಮಾಡುತ್ತಿದ್ದೇನೆ. ಸರ್ಕಾರಿ ಬಸ್ಸು ಓಡಿಸಿದಷ್ಟು ವರ್ಷವೂ ಒಂದು ಕೋಳಿಗೂ ಗಾಲಿ ತಾಗಿಸಿದವರಲ್ಲ. ಉಣ್ಣಲು ಕೂತಾಗಲೆಲ್ಲ ನಿನಗೆ ಪಾಠ ಹೇಳುತ್ತಿದ್ದರಲ್ಲ, ಅಪಘಾತವಾದರೆ ಡ್ರೈವರ್ ಜಾಗ ಬಿಡಬಾರದು, ಮೊದಲು ಗಾಯವಾದವರನ್ನು ನೋಡಬೇಕು, ಗಾಡಿಯ ಚಿಂತೆ ಆಮೇಲೆ, ಇದ್ದದ್ದನ್ನು ಇದ್ದ ಹಾಗೆ ಬರೆಸಬೇಕು ಎಂದು. ನೀನು “ಆಯ್ತು ಡಿಪೋ ಮ್ಯಾನೇಜರೇ” ಎಂದು ಚೇಷ್ಟೆ ಮಾಡುತ್ತಿದ್ದೆ. ಅಷ್ಟೆಲ್ಲ ಗೊತ್ತಿದ್ದ ಮನುಷ್ಯ, ಮಗನ ತಲೆಯ ಮೇಲೆ ರಕ್ತ ಕಂಡ ಕೂಡಲೇ ಎಲ್ಲವನ್ನೂ ಮರೆತರು. ಮಲ್ಲಾಪುರದಲ್ಲಿ ನಿನಗೆ ಸಿಗಲಿದ್ದ ಸರ್ಕಾರಿ ಕೆಲಸಕ್ಕೆ ನಿನ್ನ ನಡತೆಯ ಪೊಲೀಸ್ ವಿಚಾರಣೆ ಬಾಕಿ ಇದೆ, ಈಗ ಒಂದು ಕೇಸು ಬಿದ್ದರೆ ಅಲ್ಲಿಯ ಗೇಟು ಮುಚ್ಚಿದ ಹಾಗೆಯೇ ಎಂಬುದೊಂದೇ ಅವರ ತಲೆಯಲ್ಲಿ. ತನ್ನ ಹೆಸರಿಗೆ ಒಂದೂ ಕೇಸಿಲ್ಲ, ಈ ವಯಸ್ಸಿನಲ್ಲಿ ಒಂದು ಬಂದರೆ ಏನು ಮಹಾ ಎಂದು, ಕಾರು ಓಡಿಸಿದ್ದು ತಾನೇ ಎಂದು ಬರೆಸಿಬಂದರು. ಜಾಮೀನು ಸಿಕ್ಕಿದೆ, ಕೇಸು ನಡೆಯುತ್ತದೆ. ಊರಿನಲ್ಲಿ ನಿಜ ಗೊತ್ತಿರುವ ಒಬ್ಬಿಬ್ಬರು, ನಮ್ಮೂರ ಹುಡುಗ ತಾನೇ ಎಂದು, ಬಾಯಿ ಬಿಟ್ಟಿಲ್ಲ. ಅವರ ಒಳ್ಳೆಯತನಕ್ಕೆ ನಾನು ಮೊದಮೊದಲು ಕೈ ಮುಗಿದೆ. ಈಗ ಅವರು ಎದುರು ಬಂದರೆ ದಾರಿ ಬದಲಿಸುತ್ತೇನೆ.

ಪೊಲೀಸರ ಹತ್ತಿರ ಸುಳ್ಳು ಹೇಳುವುದು ಕಷ್ಟವಾಗಲಿಲ್ಲ ನಿನ್ನ ಅಪ್ಪನಿಗೆ. ಕಷ್ಟವಾದದ್ದು ಬೊಮ್ಮು ಬಂದ ಮೇಲೆ. ನಾಗಿಯನ್ನು ಮಣ್ಣು ಮಾಡಿದ ಮರುದಿನ ಅವಳ ಗಂಡ ಬೊಮ್ಮು ಕೊಪ್ಪದಿಂದ, ಅವರ ಕೇರಿಯಿಂದ, ಒಬ್ಬನೇ ನಡೆದು ಬಂದ. ಜಗಳಕ್ಕೆ ಬಂದನೆಂದು ನಾನು ಬಾಗಿಲ ಹಿಂದೆ ನಿಂತೆ. ಅವನು ಅಂಗಳದಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಆಮೇಲೆ ನಿನ್ನ ಅಪ್ಪನನ್ನು ನೋಡಿ “ನಾಯ್ಕ್ರೇ, ಕಡೀಗೆ ಅದರ ಹತ್ರ ಇದ್ದದ್ದು ನೀವೊಬ್ರೇ. ಅದು ಏನಾರೂ ಹೇಳಿತಾ? ನೀರು ಕೇಳಿತಾ?” ಎಂದ.

ಗುರು, ಅಪ್ಪ ಅಲ್ಲಿಗೆ ಹೋಗುವಾಗಲೇ ನಾಗಿಗೆ ಎಚ್ಚರ ಇರಲಿಲ್ಲವಲ್ಲ. ಅವಳು ಏನು ಹೇಳಿದಳು, ಏನು ಕೇಳಿದಳು ಎಂಬುದು ನಿನ್ನೊಬ್ಬನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕಾರು ಓಡಿಸಿದವನು ತಾನು ಎಂದ ಮೇಲೆ ಗೊತ್ತಿಲ್ಲ ಎನ್ನುವುದು ಹೇಗೆ? ಅಪ್ಪ ಕಂಬ ಹಿಡಿದುಕೊಂಡು ನಿಂತವರು “ನೀರು ಕೇಳಿದಳು ಬೊಮ್ಮು, ಕುಡಿಸಿದೆ” ಎಂದುಬಿಟ್ಟರು. ಬೊಮ್ಮುವಿನ ಮುಖ ಒಮ್ಮೆ ಹಗುರಾಯಿತು. ಎದ್ದು ಬಂದು, ನಾನು ತಡೆಯುವಷ್ಟರಲ್ಲಿ, ನಿನ್ನ ಅಪ್ಪನ ಕಾಲು ಮುಟ್ಟಿದ. ತನ್ನ ಹೆಂಡತಿಯ ಬಾಯಿಗೆ ಕಡೆಯ ನೀರು ಹಾಕಿದವರು ಎಂದು.

ಅಲ್ಲಿಗೆ ಮುಗಿಯಿತೆಂದುಕೊಂಡೆವು. ಅವನು ದಿನಾ ಬರುತ್ತಾನೆ. ಬರುವಾಗ ನಾಗಿ ನೆಟ್ಟ ಮಡಿಯಿಂದಲೇ ಕಿತ್ತ ಹರಿವೆ ತರುತ್ತಾನೆ, ಬೇಡವೆಂದರೆ ಕೇಳುವುದಿಲ್ಲ. ಕೂತು ಇನ್ನೊಂದು ಮಾತು ಕೇಳುತ್ತಾನೆ. ನೀರು ಎಷ್ಟು ಕುಡಿಯಿತು, ನೋವು ನೋವು ಎಂದಿತೇ, ಮಗ ಅಶೋಕನ ಹೆಸರು ಹೇಳಿತೇ, ತನ್ನನ್ನು ಕೇಳಿತೇ. ಅಪ್ಪ ದಿನಕ್ಕೊಂದು ಕಟ್ಟಿ ಹೇಳಬೇಕು. ಮೊನ್ನೆ “ನಿನ್ನ ಹೆಸರು ಹೇಳಿದಳು” ಎಂದಿದ್ದಕ್ಕೆ ಬೊಮ್ಮು ಅತ್ತು, ನಂತರ ನಾಚಿಕೊಂಡು, “ಅದು ಯಾವಾಗ್ಲೂ ನನ್ನ ಹೆಸರು ಹೇಳೂದಿಲ್ಲಾಗಿತ್ತು” ಎಂದ. ಅವರಲ್ಲಿ ಆ ಕಾಲದ ಹೆಂಗಸರು ಗಂಡನ ಹೆಸರು ಎತ್ತುವವರಲ್ಲ, ಅದು ನಿನ್ನ ಅಪ್ಪನಿಗೆ ಹೊಳೆಯಲೇ ಇಲ್ಲ. ಆದರೂ ಬೊಮ್ಮು ನಂಬಿದ. ಸಾಯುವಾಗ ಎಲ್ಲ ಮರೆತು ಕರೆದಳು ಎಂದು ಮನಸ್ಸಿಗೆ ಹೇಳಿಕೊಂಡು, ಅದನ್ನೇ ಕೊಪ್ಪದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಈಗ ಅವನು ಬರುವ ಹೊತ್ತಿಗೆ ಸರಿಯಾಗಿ ಅಪ್ಪ ಸಮುದ್ರದ ಕಡೆ ಹೊರಟುಬಿಡುತ್ತಾರೆ. ಬೊಮ್ಮು ಕಾಯುತ್ತಾನೆ. ಅವನೆದುರು ನಾನು ಚಹಾ ಇಟ್ಟುಕೊಂಡು ಕೂತಿರುತ್ತೇನೆ. ಆ ಹರಿವೆಯನ್ನು ಎಸೆಯಲೂ ಆಗುವುದಿಲ್ಲ, ಬೇಯಿಸಿದರೆ ಯಾರೂ ತಟ್ಟೆಗೆ ಹಾಕಿಸಿಕೊಳ್ಳುವುದಿಲ್ಲ.

ದೇವಿಯ ಗುಡಿಯಲ್ಲಿ ಪ್ರಸಾದ ಕೇಳೋಣ ಎಂದುಕೊಂಡಿದ್ದೆ. ಹೂ ಬಲಕ್ಕೆ ಬಿದ್ದರೆ ನಿನ್ನನ್ನು ಕರೆಸುವುದು, ಎಡಕ್ಕೆ ಬಿದ್ದರೆ ಸುಮ್ಮನಿರುವುದು ಎಂದು ಮನಸ್ಸಿನಲ್ಲಿ ಹಾಕಿಕೊಂಡು ಗುಡಿಯ ಮೆಟ್ಟಿಲವರೆಗೂ ಹೋದೆ. ಅಲ್ಲಿ ನಿಂತಾಗ ನನಗೇ ನಾಚಿಕೆಯಾಯಿತು. ಉತ್ತರ ಗೊತ್ತಿದ್ದೂ ದೇವರನ್ನು ಕೇಳಲು ಹೊರಟವಳಿಗೆ ಎಡದ ಹೂವೇ ಬೇಕಾಗಿರುತ್ತದೆ. ಕೈ ಮುಗಿದು ಹಾಗೇ ತಿರುಗಿ ಬಂದೆ.

ನೀನು ಬಾ ಗುರು. ಮಲ್ಲಾಪುರದ ಕೆಲಸ ಹೋದರೆ ಹೋಗಲಿ, ನಿನಗೆ ಎರಡು ಕೈ ಕೊಟ್ಟು ಹೆತ್ತಿದ್ದೇನೆ. ವಕೀಲರು ಏನು ಹೇಳುತ್ತಾರೋ, ಸುಳ್ಳು ಬರೆಸಿದ್ದಕ್ಕೆ ಅಪ್ಪನಿಗೆ ಏನಾಗುತ್ತದೋ ನನಗೆ ತಿಳಿಯದು, ಅದರ ಹೆದರಿಕೆ ಇದೆ. ಆದರೆ ಈ ಮನುಷ್ಯ ನನ್ನ ಕಣ್ಣೆದುರು ಕರಗುತ್ತಿದ್ದಾರೆ. ನೀನೂ ಅಲ್ಲಿ ಬೇರೆಯವರ ಮನೆಯ ಮೂಲೆಯಲ್ಲಿ ಎಷ್ಟು ದಿನ ಅಡಗಿ ಕೂರುತ್ತೀ? ಕಾರು ಮಗುಚಿದ್ದಕ್ಕಿಂತ ನಿನ್ನನ್ನು ಕಳಿಸಿಕೊಟ್ಟದ್ದೇ ನನ್ನನ್ನು ಹೆಚ್ಚು ಸುಡುತ್ತಿದೆ. ಅವತ್ತು ನಾನು ಚೀಲ ತುಂಬಿಸದೆ ನಿನ್ನ ಕೈ ಹಿಡಿದು ಅವಳ ಹತ್ತಿರ ವಾಪಸು ಕರೆದುಕೊಂಡು ಹೋಗಬೇಕಿತ್ತು.

ಸೀಗಡಿಯನ್ನು ಹುರಿದು ಡಬ್ಬಿಯಲ್ಲಿ ಹಾಕಿಡು, ಇಲ್ಲದಿದ್ದರೆ ಹುಳ ಬೀಳುತ್ತದೆ. ಮಾಮ ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ ಎಂದಿದ್ದಾನೆ. ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ. ಓದಬೇಡ ಎಂದು ಹೇಳುತ್ತೇನೆ, ದಾರಿಯಲ್ಲಿ ಓದಿಯೇ ಓದುತ್ತಾನೆ, ಓದಲಿ. ಪ್ರೇಕ್ಷಾ ಅಣ್ಣನನ್ನು ಕೇಳಿದೆನೆಂದು ಬರೆ ಎಂದಳು. ನಾನು ಬರೆಯುತ್ತಿರುವುದು ಅಪ್ಪನಿಗೆ ಗೊತ್ತು, ಯಾರಿಗೆ ಎಂದು ಕೇಳದೆ ಲೈಟು ಹಾಕಿ ಹೋದರು. ದೇವಿ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಜಯಂತಿ

ಮರೆತದ್ದಲ್ಲ, ಈಗ ಆದದ್ದು. ಗುರುವಾರ ಬೆಳಿಗ್ಗೆ. ಮಾಮ ಬಾಗಿಲಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತು ಎಂದು ಅವಸರ ಮಾಡುತ್ತಿದ್ದಾನೆ. ಇವತ್ತು ಬೊಮ್ಮು ಬೇಗ ಬಂದಿದ್ದ. ಅಪ್ಪ ಇರಲಿಲ್ಲ. ನಾನು ಅವನಿಗೆ ಎಲ್ಲ ಹೇಳಿಬಿಟ್ಟೆ. ಓಡಿಸಿದ್ದು ನೀನು, ಅಪ್ಪ ಆಮೇಲೆ ಬಂದದ್ದು, ಅವರು ಹೇಳಿದ್ದೆಲ್ಲ ಕಟ್ಟಿದ್ದು. ಹೊಡೆಯುತ್ತಾನೆ, ಶಾಪ ಹಾಕುತ್ತಾನೆ ಎಂದುಕೊಂಡೆ. ಅವನು “ಹಂಗಾರೆ ಅದು ನೀರು ಕುಡೀಲಿಲ್ವಾ ಅಮ್ಮಾ?” ಎಂದ. ನನಗೆ ಗೊತ್ತಿಲ್ಲ ಎಂದೆ. “ಗೊತ್ತಿದ್ದವ್ನ ಕಳ್ಸಿ” ಎಂದು ಹೇಳಿ ಎದ್ದು ಹೋದ. ನೀನು ಬಂದ ಕೂಡಲೇ ಮೊದಲು ಅವನ ಮನೆಗೆ ಹೋಗೋಣ, ಅಲ್ಲಿಂದ ಸ್ಟೇಷನ್ನಿಗೆ. ಎರಡೂ ಕಡೆ ನಾನು ಜೊತೆಗೆ ಇರುತ್ತೇನೆ. ಅವನನ್ನು ಸಮಾಧಾನ ಮಾಡಲು ಏನನ್ನೂ ಕಟ್ಟಿ ಹೇಳಬೇಡ. ಅವಳು ಏನೂ ಹೇಳದೆ ಹೋಗಿದ್ದರೆ ಹಾಗೆಂದೇ ಹೇಳು. ಅವಳು ನೀರು ಕೇಳಿ, ನೀನು ಕೊಡದೆ ಬಂದಿದ್ದರೆ, ಅದನ್ನೂ ಅವನೆದುರು ಕೂತು ಹೇಳು.