ಮಾಟಗಾತಿಯ ಮುಖ

ರೀ,

ಈಗ ಸಂಜೆ ಐದು ಗಂಟೆ. ನೀವು ಚಿತ್ರ ಬರೆದ ಹಾರುವ ವೀರನ ಕಾಮಿಕ್ಸನ್ನು ಈಗಿನ ಮಕ್ಕಳಿಗಾಗಿ ಮತ್ತೆ ಅಚ್ಚು ಹಾಕುತ್ತಾರಂತೆ. ನೀವಿಲ್ಲವಲ್ಲ, ಒಪ್ಪಿಗೆ ಕೇಳಲು ಪ್ರಕಾಶನದ ಹುಡುಗಿ ನನ್ನ ಹತ್ತಿರ ಬಂದಿದ್ದಳು.

"ಹೀರೋನ ಮುಟ್ಟಿಲ್ಲ ಅಮ್ಮ. ಮಾಟಗಾತಿ ಮುಖ ಮಾತ್ರ ಬದಲಾಯಿಸಿದ್ವಿ. ಆ ಗಿಣಿಮೂಗು, ಗಂಟುಮೋರೆ ನೋಡಿದ್ರೆ ಮಕ್ಕಳು ಹೆದರ್ತಾರೆ. ಯಾರನ್ನ ನೋಡಿ ಬರೆದ್ರೋ ಮಹಾರಾಯ್ರು!" ಎಂದು ನಕ್ಕಳು.

ನಾನು ಮೂಗಿಗೆ ಕೈ ಅಡ್ಡ ಹಿಡಿದು ಕೆಮ್ಮಿದೆ.

ಆ ಮಾಟಗಾತಿಗೆ ನನ್ನ ಮುಖ ಕೊಟ್ಟಿರೆಂದು ಆಗ ನಿಮ್ಮೊಡನೆ ಮಾತು ಬಿಟ್ಟಿದ್ದೆ. "ಕಣ್ಣು ಮುಚ್ಚಿದ್ರೂ ಕೈಗೆ ಬರೋ ಮುಖ ಇದೊಂದೇ ಕಣೇ" ಅಂದಿರಿ. ಹಾಗಿದ್ದರೆ ಕಥೆಯ ರಾಜಕುಮಾರಿಗೆ ಆ ಮುಖ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಕುಂಚ ತೊಳೆಯಲು ಎದ್ದು ಹೋದಿರಿ.

ಇವತ್ತು, ಹಳೆಯ ಮುಖವೇ ಇರಲಿ ಎನ್ನಲು ನನಗೆ ಬಾಯಿ ಬರಲಿಲ್ಲ. ಸಹಿ ಹಾಕಿಕೊಟ್ಟೆ.

ನಾಳೆ ಬೆಳಿಗ್ಗೆ ಪುಸ್ತಕ ಅಚ್ಚಿಗೆ ಹೋಗುತ್ತದೆ.