ಮರವಿಲ್ಲದ ನೆರಳು

ಪುನರ್ವಸತಿ ಕೇಂದ್ರದ ಶಾಲೆ
ಬೀಳಗಿ ತಾಲ್ಲೂಕು
ಆಗಸ್ಟ್ 2002

ಅರಣ್ಯ ಇಲಾಖೆಯ ಸಾಹೇಬರಿಗೆ ನಮಸ್ಕಾರ.

ನಮ್ಮ ಶಾಲೆಯ ಅಂಗಳಕ್ಕೆ ಒಂದು ಬೇವಿನ ಸಸಿ ಬೇಕಾಗಿದೆ.

ಮೂರನೇ ತರಗತಿಗೆ ನೆರಳಿನ ಪಾಠ ಮಾಡುತ್ತಿದ್ದೆ. ಬೆಳಕಿಗೆ ಏನಾದರೂ ಅಡ್ಡ ಬಂದರೆ ಮಾತ್ರ ನೆರಳು ಬೀಳುತ್ತದೆ ಎಂದೆ. ಮಾಲಾ ಎಂಬ ಹುಡುಗಿ ಬಯಲು ಅಂಗಳದತ್ತ ಕೈ ತೋರಿಸಿದಳು. ಅಲ್ಲಿ ದೊಡ್ಡ ಮರದ ನೆರಳು ಬಿದ್ದಿತ್ತು. ಮರ ಇರಲಿಲ್ಲ.

“ನಮ್ಮ ಹಳೇ ಊರಾಗಿನ ಬೇವಿನ ಗಿಡದ್ದರೀ ಟೀಚರ. ಗಿಡ ಹಿನ್ನೀರಾಗ ಮುಳುಗೇತಿ, ನೆಳ್ಳು ನಮ್ಮ ಬೆನ್ನ ಹತ್ತಿ ಬಂದೈತ್ರಿ,” ಎಂದಳು.

ಪಂಚಮಿಗೆ ನಮ್ಮಲ್ಲಿ ಮರಕ್ಕೆ ಜೋಕಾಲಿ ಕಟ್ಟುತ್ತಾರಲ್ಲ, ಆ ದಿನ ನೋಡಿದರೆ ನೆರಳಿನ ಕೊಂಬೆಗೂ ಜೋಕಾಲಿಯ ನೆರಳೊಂದು ಜೋತುಬಿದ್ದಿತ್ತು. ಮಾಲಾ ಹೋಗಿ ಅದರ ಮೇಲೆ ನಿಂತಳು. ಆಕೆ ಅಲುಗಾಡಲಿಲ್ಲ, ಆಕೆಯ ನೆರಳು ಮಾತ್ರ ಜೀಕತೊಡಗಿತು.

ಮರುದಿನದಿಂದ ಆಕೆಯನ್ನು ಬಿಸಿಲಿಗೆ ನಿಲ್ಲಿಸಿ ನೋಡುತ್ತಿದ್ದೇನೆ. ನೆರಳು ಬೀಳುತ್ತಿಲ್ಲ; ಅದು ಇನ್ನೂ ಅಂಗಳದ ಆ ಜೋಕಾಲಿಯಲ್ಲೇ ಜೀಕುತ್ತಿದೆ. ಅವಳ ತಾಯಿಗೆ ಇನ್ನೂ ಹೇಳಿಲ್ಲ.

ದಯವಿಟ್ಟು ಸಸಿ ಬೇಗ ಕಳಿಸಿರಿ. ತೀರಾ ಎಳೆಯದು ಬೇಡ. ಮಗುವೊಂದು ಹಿಡಿದುಕೊಂಡು ಕೆಳಗಿಳಿಯುವಷ್ಟು ಬೆಳೆದಿರಲಿ.

ತಮ್ಮ ವಿಶ್ವಾಸಿ,
ಅಂಜನಾ
ಸಹಶಿಕ್ಷಕಿ